ತೊಳೆದರೂ ಮತ್ತೆ ಕೆಡುವ ಹಳೆ ಟಿವಿ ಬೋರ್ಡ್: ಕೊಳೆ ಹುಡುಕಿ ತೆಗೆಯುವ ಕ್ರಮ

"ಅಣ್ಣಾ, ಐಪಿಎ ಹಾಕಿ ಬ್ರಷ್‌ನಲ್ಲಿ ತಿಕ್ಕಿ ತೊಳೆದೆ. ಎರಡು ದಿನ ಚೆನ್ನಾಗಿತ್ತು. ಮಳೆ ಬಂದ ರಾತ್ರಿ ಮತ್ತೆ ವಾಲ್ಯೂಮ್ ತಾನೇ ಏರೋಕೆ ಶುರುವಾಯ್ತು." ಶಿಡ್ಲಘಟ್ಟದ ನನ್ನ ಅಂಗಡಿಗೆ ಇಂಥ ಫೋನು ಬರುವುದು ನಿಂತೇ ಇಲ್ಲ. ಫೋನು ಮಾಡುವವರು ಬೇರೆ ಬೇರೆ, ಕಥೆ ಮಾತ್ರ ಒಂದೇ.

ಎಲ್ಲ ಕೊಳೆಗೂ ಒಂದೇ ಮದ್ದು ಹಾಕುವುದರಿಂದ ಹೀಗಾಗುತ್ತದೆ. ಜಿಡ್ಡು ಐಪಿಎಗೆ (ಬೋರ್ಡ್ ತೊಳೆಯುವ ಐಸೊಪ್ರೊಪೈಲ್ ಆಲ್ಕೋಹಾಲ್) ಕರಗುತ್ತದೆ. ಉಪ್ಪು ನೀರಿಗೆ ಕರಗುತ್ತದೆ. ಹಳೆ ಅಂಟನ್ನು ಕೆರೆದೇ ತೆಗೆಯಬೇಕು. ಬೋರ್ಡ್ ಸುಟ್ಟು ಇದ್ದಿಲಾದ ಜಾಗವನ್ನು ಕತ್ತರಿಸಿ ಎಸೆಯಬೇಕು. ಯಾವ ಕೊಳೆ ಎಂದು ನೋಡದೆ ತೊಳೆದರೆ ಒಂದು ಕಡೆ ಇದ್ದದ್ದು ಬೋರ್ಡ್ ತುಂಬಾ ಹರಡುತ್ತದೆ, ಅಷ್ಟೇ.

ಇಲ್ಲಿ ಬರೆದಿರುವುದು ಪಿಕ್ಚರ್ ಟ್ಯೂಬ್ ಇರುವ ಟಿವಿಗಳಿಗೆ ಮಾತ್ರ. ಆಫ್ ಆದ ಮೇಲೂ ಟ್ಯೂಬಿನಲ್ಲಿ ನಿಂತಿರುವ ಕರೆಂಟ್ ಇಳಿಸುವುದನ್ನು ಯಾರದ್ದಾದರೂ ಪಕ್ಕದಲ್ಲಿ ನಿಂತು ಒಮ್ಮೆಯಾದರೂ ನೋಡಿಲ್ಲದಿದ್ದರೆ, ಮುಚ್ಚಳ ತೆಗೆಯುವ ಕೆಲಸ ಗೊತ್ತಿರುವವರಿಗೆ ಬಿಡಿ.

## ಹಂತ 1: ಮುಚ್ಚಳ ತೆಗೆಯುವ ಮೊದಲು ಲಕ್ಷಣ ಬರೆದುಕೊಳ್ಳಿ

ಸೆಟ್ ಯಾವಾಗ ಕೆಡುತ್ತದೆ ಎಂದು ಮನೆಯವರನ್ನು ಕೇಳಿ. ಬೆಳಗ್ಗೆಯೋ, ಮಳೆಗಾಲದಲ್ಲೋ, ವಾರಗಟ್ಟಲೆ ಊರಿಗೆ ಹೋಗಿ ಬಂದ ಮೇಲೋ? ಈ ಉತ್ತರ ಮೀಟರಿಗಿಂತ ಹೆಚ್ಚು ಹೇಳುತ್ತದೆ.

ಹವೆಯಲ್ಲಿ ತೇವ ಹೆಚ್ಚಿದ ದಿನ ಕೆಟ್ಟು, ಒಣ ದಿನ ಸರಿಯಿದ್ದರೆ ಬೋರ್ಡಿನ ಮೇಲೆ ಕರೆಂಟ್ ಸೋರುವ ಕೊಳೆ ಇರುವ ಸಾಧ್ಯತೆಯೇ ಹೆಚ್ಚು. ಬೇಸಿಗೆ, ಮಳೆಗಾಲ ಎನ್ನದೆ ತಣ್ಣಗಿದ್ದಾಗಲೆಲ್ಲ ಸತಾಯಿಸಿ, ಬಿಸಿಯಾದ ಮೇಲೆ ಸರಿಹೋದರೆ ಅದು ಒಣಗಿದ ಕ್ಯಾಪಾಸಿಟರ್ ಇರಬಹುದು. ತಟ್ಟಿದಾಗ ಬಂದು ಹೋಗುತ್ತಿದ್ದರೆ ಡ್ರೈ ಸೋಲ್ಡರ್, ಅಂದರೆ ಬಿಟ್ಟುಕೊಂಡ ಬೆಸುಗೆ. ಮೂರೂ ಮೇಲ್ನೋಟಕ್ಕೆ ಒಂದೇ ಥರ ಕಾಣುವುದರಿಂದಲೇ ಜನ ಡ್ರೈ ಸೋಲ್ಡರ್ ಇರುವ ಬೋರ್ಡನ್ನು ತೊಳೆಯುತ್ತಾರೆ, ತೊಳೆಯಬೇಕಾದ ಬೋರ್ಡಿಗೆ ಹೊಸ ಐಸಿ ಹಾಕುತ್ತಾರೆ.

ಲಕ್ಷಣ ನೋಡಿದರೆ ಜಾಗವೂ ಸುಮಾರಾಗಿ ಗೊತ್ತಾಗುತ್ತದೆ. ವಾಲ್ಯೂಮ್, ಚಾನೆಲ್ ತಾನೇ ಓಡುವುದು, ಮೆನು ತಾನೇ ತೆರೆಯುವುದು ಟಿವಿಯ ಮುಂದಿನ ಬಟನ್‌ಗಳಿರುವ ಕೀ ಬೋರ್ಡಿನ ತೊಂದರೆ ಇರಬಹುದು. ಆನ್ ಮಾಡಿದಾಗ ಚಿತ್ರ ಮಬ್ಬಾಗಿದ್ದು ಹತ್ತು ಹದಿನೈದು ನಿಮಿಷದ ಮೇಲೆ ತಿಳಿಯಾದರೆ ಟ್ಯೂಬ್ ಬೇಸ್ (ಟ್ಯೂಬಿನ ಕತ್ತಿಗೆ ಸಿಕ್ಕಿಸುವ ಸಾಕೆಟ್). ಹಿಂದೆ "ಚುರ್ರ್" ಎಂದು ಸದ್ದು ಬಂದು, ಜೆರಾಕ್ಸ್ ಅಂಗಡಿಯಲ್ಲಿ ಬರುವಂಥ ಘಾಟು ಬಂದರೆ ಇಎಚ್‌ಟಿ ಕಪ್ (ಟ್ಯೂಬಿಗೆ ಹೈ ವೋಲ್ಟೇಜ್ ಸೇರುವ ಜಾಗದ ರಬ್ಬರ್ ಮುಚ್ಚಳ) ಅಥವಾ ಎಲ್‌ಓಟಿ (ಆ ಹೈ ವೋಲ್ಟೇಜ್ ಹುಟ್ಟಿಸುವ ಟ್ರಾನ್ಸ್‌ಫಾರ್ಮರ್). ಚಿತ್ರದ ಮೇಲ್ಭಾಗ ಮಡಚಿಕೊಂಡು ಬಿಳಿ ಗೆರೆ ಕಂಡರೆ ಚಿತ್ರವನ್ನು ಮೇಲಿಂದ ಕೆಳಕ್ಕೆ ಹರಡುವ ವರ್ಟಿಕಲ್ ಐಸಿ ಪಕ್ಕದ ಕ್ಯಾಪಾಸಿಟರ್ ಸೋರಿದೆಯೇ ನೋಡಿ.

## ಹಂತ 2: ಸಾಮಾನು ಮೊದಲೇ ಜೋಡಿಸಿಕೊಳ್ಳಿ

ಶೇಕಡಾ 99ರ ಐಪಿಎ ಬೇಕು. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಸ್ಯಾನಿಟೈಸರ್ ಅದರ ಬದಲಿಯಲ್ಲ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಸೇರಿರುತ್ತದೆ. ಥಿನ್ನರ್, ಪೆಟ್ರೋಲ್ ಬೇಡವೇ ಬೇಡ. ಅವು ಪ್ಲಾಸ್ಟಿಕ್ ತಿನ್ನುತ್ತವೆ, ಬಿಡಿಭಾಗಗಳ ಮೇಲಿನ ನಂಬರ್ ಅಳಿಸುತ್ತವೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇಯನ್ನೂ ದೂರ ಇಡಿ. ಅದು ಬಿಡುವ ಜಿಡ್ಡಿಗೆ ಆರು ತಿಂಗಳಲ್ಲಿ ಧೂಳು ಮೆತ್ತಿ ರೊಟ್ಟಿಯಾಗುತ್ತದೆ.

ಎರಡನೆಯದು ಡಿಸ್ಟಿಲ್ಡ್ ವಾಟರ್, ಅದೇ ಬ್ಯಾಟರಿ ಅಂಗಡಿಯ ಬ್ಯಾಟರಿ ನೀರು (ಬ್ಯಾಟರಿ ಆಸಿಡ್ ಅಲ್ಲ). ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಮೂರೂ ಜಿಲ್ಲೆಯವರು ಎಡವುವುದು ಇಲ್ಲೇ. ಸಾವಿರ ಅಡಿ ಕೆಳಗಿನ ಬೋರ್‌ವೆಲ್ ನೀರು ಸ್ಟೀಲ್ ಚೊಂಬಿನ ಮೇಲೆ ಒಣಗಿದರೆ ಬಿಳಿ ಕಲೆ ಬಿಡುವುದನ್ನು ದಿನಾ ನೋಡುತ್ತೇವೆ. ಆ ಕಲೆಯೇ ಬೋರ್ಡಿನ ಮೇಲೂ ಉಳಿಯುತ್ತದೆ. ಉಪ್ಪು ತೆಗೆಯಲು ಹೋಗಿ ಉಪ್ಪನ್ನೇ ಹಾಕಿದ ಹಾಗೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲೂ ಸ್ವಲ್ಪ ಉಪ್ಪು ಉಳಿದೇ ಇರುತ್ತದೆ.

ಮಿಕ್ಕಿದ್ದು: ಒಂದಿಂಚು ಪೇಂಟ್ ಬ್ರಷ್, ಎರಡು ಹಳೆ ಹಲ್ಲುಜ್ಜುವ ಬ್ರಷ್ (ಒಂದು ಐಪಿಎಗೆ, ಒಂದು ನೀರಿಗೆ, ಅದಲು ಬದಲು ಮಾಡಬೇಡಿ), ಬಿದಿರಿನ ಕಡ್ಡಿ, ಕಟ್ಟರ್ ಬ್ಲೇಡ್, ಭೂತಗನ್ನಡಿ, ಟಾರ್ಚ್, ಹೇರ್ ಡ್ರೈಯರ್, 20 ಮೆಗಾ ಓಮ್ ರೇಂಜ್ ಇರುವ ಮಲ್ಟಿಮೀಟರ್, 10 ಕಿಲೋ ಓಮ್ 10 ವ್ಯಾಟಿನ ರೆಸಿಸ್ಟರ್, ಸೀರೀಸ್ ಬಲ್ಬ್ ಬೋರ್ಡ್ (ಟಿವಿಗೆ ಹೋಗುವ ಕರೆಂಟ್ ಒಂದು ಬಲ್ಬ್ ಮೂಲಕ ಹಾದುಹೋಗುವಂತೆ ಮಾಡಿದ ಬೋರ್ಡ್). ಸೀರೀಸಿಗೆ ಹಳೆ ಕಾಲದ ತಂತಿ ಬಲ್ಬೇ ಆಗಬೇಕು. 100 ವ್ಯಾಟಿನದು ಈಗ ಹುಡುಕಿದರೂ ಸಿಗುವುದು ಕಷ್ಟ, ಕಂಡಲ್ಲಿ ನಾಲ್ಕು ಕೊಂಡಿಡಿ. ಎಲ್‌ಇಡಿ ಬಲ್ಬಿನಿಂದ ಆ ಕೆಲಸ ಆಗುವುದಿಲ್ಲ.

## ಹಂತ 3: ಕರೆಂಟ್ ಇಳಿಸುವುದು

ಪ್ಲಗ್ ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಿ. ಬಣ್ಣದ ಟಿವಿಯ ಟ್ಯೂಬಿನಲ್ಲಿ 20 ಸಾವಿರ ವೋಲ್ಟಿಗೂ ಮೇಲೆ ಇರುತ್ತದೆ, ಆಫ್ ಮಾಡಿದ ಮೇಲೂ ನಿಂತಿರಬಹುದು. ಒಂದು ವೈರಿನ ಎರಡೂ ತುದಿಗೆ ಕ್ಲಿಪ್ ಹಾಕಿ. ಒಂದನ್ನು ಟ್ಯೂಬಿನ ಹಿಂಭಾಗ ಸುತ್ತುವ ಬರಿ ತಂತಿಗೆ, ಇನ್ನೊಂದನ್ನು ಉದ್ದ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ಕಚ್ಚಿಸಿ. ಒಂದು ಕೈ ಬೆನ್ನ ಹಿಂದೆ ಇರಲಿ. ಸ್ಕ್ರೂಡ್ರೈವರನ್ನು ರಬ್ಬರ್ ಕಪ್ಪಿನ ಕೆಳಗೆ ಮೆಲ್ಲಗೆ ತೂರಿಸಿ ಒಳಗಿನ ಕೊಕ್ಕೆಗೆ ತಾಗಿಸಿ. "ಟಪ್" ಎನ್ನಬಹುದು, ಎನ್ನದೆಯೂ ಇರಬಹುದು. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ, ಇಳಿದ ಟ್ಯೂಬ್ ತಾನೇ ಸ್ವಲ್ಪ ತುಂಬಿಕೊಳ್ಳುತ್ತದೆ. ಕ್ಲಿಪ್ಪನ್ನು ಬೋರ್ಡಿನ ಯಾವುದೋ ಅರ್ಥ್ (ಗ್ರೌಂಡ್) ಜಾಗಕ್ಕೆ ಹಾಕಿದರೆ ಆ ಏಟಿಗೆ ಐಸಿ ಹೋಗಬಹುದು.

ಆಮೇಲೆ ಪವರ್ ಸಪ್ಲೈನ ದೊಡ್ಡ ಕ್ಯಾಪಾಸಿಟರ್. ಅಲ್ಲಿ ಸುಮಾರು 320 ವೋಲ್ಟ್ ಡಿಸಿ ನಿಂತಿರಬಹುದು. ಪ್ಲಾಸ್ಟಿಕ್ ಹಿಡಿಯ ಪ್ರೋಬ್‌ಗಳಿಂದ ರೆಸಿಸ್ಟರನ್ನು ಅದರ ಎರಡೂ ಕಾಲಿಗೆ ಹದಿನೈದು ಸೆಕೆಂಡ್ ತಾಗಿಸಿ, ಮೀಟರಿನಲ್ಲಿ ನೋಡಿ, ಸೊನ್ನೆಯ ಹತ್ತಿರ ಬಂದಿದ್ದರೆ ಮಾತ್ರ ಮುಂದುವರಿಯಿರಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಚಾಳಿ ಬಿಡಿ. ಟ್ಯೂಬಿನ ಕೊಕ್ಕೆಗೆ ಮಾತ್ರ ಮೀಟರ್ ಎಂದೂ ಇಡಬೇಡಿ.

ಟ್ಯೂಬ್ ಬೇಸ್ ಕೀಳುವಾಗ ನೇರ ಹಿಂದಕ್ಕೆ ಎಳೆಯಿರಿ. ಪಕ್ಕಕ್ಕೆ ವಾಲಿಸಿದರೆ ಕತ್ತಿನ ಗಾಜು ಮುರಿದು, ಟ್ಯೂಬೇ ಹೋಗುತ್ತದೆ.

## ಹಂತ 4: ತೊಳೆಯುವ ಮುಂಚೆ, ಒಣಗಿದ್ದಾಗಲೇ ನೋಡಿ

ಈ ಹಂತಕ್ಕೆ ಅರ್ಧ ಗಂಟೆ ಕೊಡಿ. ಬ್ಲೋವರ್ ಹೊಡೆದ ಮೇಲೆ, ಬ್ರಷ್ ಆಡಿಸಿದ ಮೇಲೆ ನೋಡಿದರೆ ಸಾಕ್ಷಿ ಅಳಿಸಿದ ಮೇಲೆ ಕಳ್ಳನನ್ನು ಹುಡುಕಿದ ಹಾಗಾಗುತ್ತದೆ. ಮೊದಲು ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಟಾರ್ಚನ್ನು ಬೋರ್ಡಿಗೆ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಒದ್ದೆ ಮಿರುಗು ಓರೆ ಬೆಳಕಿನಲ್ಲಿ ಕಾಣುತ್ತದೆ. ಕ್ಯಾಪಾಸಿಟರ್ ಬುಡದಲ್ಲಿ ಎಣ್ಣೆ ಹಚ್ಚಿದಂಥ ಕಲೆ, ಸುತ್ತಲಿನ ಬೆಸುಗೆ ಹೊಳಪು ಕಳೆದು ಬೂದಿ ಬಣ್ಣಕ್ಕೆ ತಿರುಗಿದ್ದು, ಕಾಲುಗಳಲ್ಲಿ ಹಸಿರು, ಇವೆಲ್ಲ ಸೋರಿದ ಗುರುತು. ಮೂಗಿಗೂ ಕೆಲಸ ಕೊಡಿ: ಸೋರಿದ ಕ್ಯಾಪಾಸಿಟರಿಗೆ ಬಿಸಿ ಸೋಲ್ಡರಿಂಗ್ ಐರನ್ ತಾಗಿಸಿದರೆ ಕೆಟ್ಟ ಮೀನಿನ ವಾಸನೆ ಬರುವುದುಂಟು.

ಊರಿಂದ ಊರಿಗೆ ಕೊಳೆ ಬೇರೆ. ಚಿಕ್ಕಬಳ್ಳಾಪುರದ ಕ್ರಷರ್ ಪಕ್ಕದ ಹಳ್ಳಿಗಳ ಸೆಟ್ಟಿನಲ್ಲಿ ಬರೀ ಕಲ್ಲುಪುಡಿ. ಒಣಗಿದ್ದರೆ ಅದು ಕರೆಂಟ್ ಹರಿಸುವುದಿಲ್ಲ, ಕಾವು ಹೊರಹೋಗದಂತೆ ಹೊದಿಕೆಯಾಗುತ್ತದೆ ಅಷ್ಟೇ. ಕೆಜಿಎಫ್‌ನ ಸೈನೈಡ್ ದಿಬ್ಬದ (ಚಿನ್ನದ ಗಣಿಯ ತ್ಯಾಜ್ಯದ ಗುಡ್ಡೆ) ಕಡೆಯಿಂದ ಬಂದ ಸೆಟ್ಟಿನಲ್ಲಿ ಮೈದಾ ಹಿಟ್ಟಿನಂಥ ನಯವಾದ ಬೂದು ಧೂಳು. ಅದನ್ನು ಬಿಚ್ಚುವಾಗ ಮಾಸ್ಕ್ ಹಾಕಿ. ತಿಪಟೂರು ಕಡೆ ಸೌದೆ, ತೆಂಗಿನ ಮಟ್ಟೆ ಉರಿಸುವ ಮನೆಗಳಲ್ಲಿ ಹೊಗೆಯ ಕಂದು ಜಿಡ್ಡು. ದೇವರ ಮೂಲೆ ಪಕ್ಕ ಟಿವಿ ಇಟ್ಟಿದ್ದರೆ ಊದುಬತ್ತಿ ಮಸಿ ಇಎಚ್‌ಟಿ ಕಪ್ಪಿನ ಸುತ್ತ ಉಂಗುರ ಕಟ್ಟಿರುತ್ತದೆ, ಹೈ ವೋಲ್ಟೇಜ್ ಎಳೆದುಕೊಳ್ಳುತ್ತದೆ. ನಮ್ಮ ಶಿಡ್ಲಘಟ್ಟದ್ದೇ ಬೇರೆ: ರೇಷ್ಮೆ ಗೂಡು ಬೇಯಿಸುವ ಹಬೆ. ರೀಲಿಂಗ್ (ಗೂಡಿನಿಂದ ನೂಲು ತೆಗೆಯುವುದು) ನಡೆಯುವ ಮನೆಯ ಟಿವಿಯಲ್ಲಿ ಧೂಳು ಒಣಗಿರುವುದೇ ಅಪರೂಪ.

### ಉಸಿರಿನ ಪರೀಕ್ಷೆ

ಅನುಮಾನ ಬಂದ ಎರಡು ಅಕ್ಕಪಕ್ಕದ ಟ್ರ್ಯಾಕ್‌ಗಳಿಗೆ (ಬೋರ್ಡಿನ ತಾಮ್ರದ ಗೆರೆಗಳಿಗೆ) ಮೀಟರನ್ನು 20 ಮೆಗಾ ರೇಂಜಿನಲ್ಲಿ ಇಡಿ. ಓದಿದ್ದನ್ನು ಬರೆದುಕೊಂಡು, ಕನ್ನಡಕದ ಗಾಜಿಗೆ ಊದುವಂತೆ "ಹಾ..." ಎಂದು ಬಿಸಿಯುಸಿರು ಬಿಡಿ. ಹೋದ ಮಳೆಗಾಲ ಒಂದು ರೀಲಿಂಗ್ ಮನೆಯ ಸೆಟ್ಟಿನಲ್ಲಿ, ಟಿವಿಯನ್ನು ನಿಯಂತ್ರಿಸುವ ಮೈಕ್ರೋ ಐಸಿಯ ಕೀ ಪಿನ್ನಿಗೂ ಅರ್ಥ್‌ಗೂ ನಡುವೆ, ಮುಂದಿನ ಬಟನ್‌ಗಳಿಂದ ಬರುವ ಕೀ ವೈರ್ ಕಿತ್ತು ಹೀಗೆ ಮಾಡಿದೆ. ಮೊದಲು 6.4 ಮೆಗಾ. ಉಸಿರು ಬಿದ್ದ ಕೂಡಲೇ 2, 0.9, 0.3ಕ್ಕೆ ಜಾರಿ, ತೇವ ಆರುತ್ತಾ ಬಂದ ಹಾಗೆ ಒಂದೊಂದೇ ಅಂಕಿ ಮೇಲೇರಿತು. ಐಪಿಎ ಹಾಕಿ ತಿಕ್ಕಿ ಒಣಗಿಸಿ ಮತ್ತೆ ಊದಿದೆ: ಹಾಗೇ ಜಾರಿತು. ಬ್ಯಾಟರಿ ನೀರಿನಲ್ಲಿ ತಿಕ್ಕಿ, ಆಮೇಲೆ ಐಪಿಎ ಹಾಕಿ ಒಣಗಿಸಿದ ಮೇಲೆ ಎಷ್ಟು ಊದಿದರೂ ಅಂಕಿ ಅಲ್ಲಾಡಲಿಲ್ಲ.

ಆ ಎರಡು ಟ್ರ್ಯಾಕ್ ನಡುವೆ ಬೇರೆ ಬಿಡಿಭಾಗ ಇದ್ದರೆ ಮೀಟರ್ ಅದನ್ನೂ ಓದುತ್ತದೆ. ಹಾಗಾಗಿ ಅಂಕಿ ಎಷ್ಟು ಎನ್ನುವುದು ಮುಖ್ಯವಲ್ಲ, ಊದಿದಾಗ ಜಾರಿತೇ ಎನ್ನುವುದೇ ಮುಖ್ಯ. ಪ್ರೋಬಿನ ಲೋಹಕ್ಕೆ ಬೆರಳು ತಾಗಿದರೆ ನಿಮ್ಮ ಮೈಯನ್ನೇ ಅಳೆಯುತ್ತೀರಿ. ಕರೆಂಟ್ ಇದ್ದಾಗ ಈ ಪರೀಕ್ಷೆ ಮಾಡಬಾರದು ಎಂದು ಬೇರೆ ಹೇಳಬೇಕಿಲ್ಲ.

## ಹಂತ 5: ಒಣ ಧೂಳು

ಧೂಳು ತೆಗೆಯುವ ಮುಂಚೆ ದ್ರವ ಹಾಕಿದರೆ ಕೆಸರಾಗಿ ಐಸಿ ಕಾಲುಗಳ ಸಂದಿಗೆ ಇಳಿಯುತ್ತದೆ. ಅಂಗಡಿ ಹೊರಗೆ ಇಟ್ಟು ಪೇಂಟ್ ಬ್ರಷ್ ಆಡಿಸುತ್ತಾ ಬ್ಲೋವರ್ ಹಿಡಿಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ನೀರೂ ಎಣ್ಣೆಯೂ ಬರುತ್ತದೆ.

ಇಲಿ ಹಿಕ್ಕೆ ಕಂಡರೆ ಬ್ಲೋವರ್ ಕೆಳಗಿಡಿ. ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ, ಆ ಧೂಳನ್ನು ಗಾಳಿಗೆ ಹಾರಿಸಬಾರದು. ಗ್ಲೌಸ್, ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಜಿರಳೆ, ಇರುವೆ ಇದ್ದರೂ ಒಳಗೆ ಕೀಟನಾಶಕ ಸ್ಪ್ರೇ ಹೊಡೆಯಬೇಡಿ.

## ಹಂತ 6: ಕೊಳೆ ನೋಡಿ ಮದ್ದು

### ಜಿಡ್ಡು, ಹೊಗೆ, ಫ್ಲಕ್ಸ್ (ಬೆಸುಗೆಗೆ ಹಾಕುವ ಪೇಸ್ಟ್)

ಐಪಿಎಯಲ್ಲಿ ಬ್ರಷ್ ಅದ್ದಿ ತಿಕ್ಕಿ. ಕರಗಿದ ಜಿಡ್ಡು ಆರುವ ಮುಂಚೆಯೇ ಹತ್ತಿ ಬಟ್ಟೆಯಲ್ಲಿ ಒತ್ತಿ ಹೀರಿಸಿ ತೆಗೆಯಬೇಕು. ತಿಕ್ಕಿ ಹಾಗೇ ಬಿಟ್ಟರೆ ಐಪಿಎ ಆರಿ ಹೋಗುತ್ತದೆ, ಕೊಳೆ ತೆಳ್ಳಗೆ ಹರಡಿ ಕೂರುತ್ತದೆ. ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೂ ಮಾಡಿ. ಬೀಡಿ, ಊದುಬತ್ತಿ, ಸೋಲ್ಡರಿಂಗ್ ಐರನ್ ಯಾವುದೂ ಹತ್ತಿರ ಇರಬಾರದು.

### ಉಪ್ಪು: ಕ್ಯಾಪಾಸಿಟರ್ ರಸ, ಇಲಿ ಮೂತ್ರ, ಮಳೆ ನೀರು

ಸೋರಿದ ಕ್ಯಾಪಾಸಿಟರನ್ನು ಮೊದಲು ಕೀಳಿ, ರಸ ಇರುವುದೇ ಅದರ ಬುಡದ ಕೆಳಗೆ. ಬೆಚ್ಚಗಿನ ಬ್ಯಾಟರಿ ನೀರಿನಲ್ಲಿ ಬ್ರಷ್ ಅದ್ದಿ ಆ ಜಾಗವನ್ನಷ್ಟೇ ತಿಕ್ಕಿ, ಹೀರಿಸಿ, ಹೊಸ ನೀರಿನಲ್ಲಿ ಮತ್ತೆ ಎರಡು ಸಲ ಮಾಡಿ. ಕೊನೆಯಲ್ಲಿ ಐಪಿಎ ಹಾಕಿ. ಅದು ಸಂದಿಯಲ್ಲಿ ಉಳಿದ ನೀರನ್ನು ಜೊತೆಗೆ ಎಳೆದುಕೊಂಡು ಬರುತ್ತದೆ.

ಬೆಸುಗೆ ಕರಗದೆ ಹರಳು ಹರಳಾಗಿ ನಿಂತರೆ ರಸ ಅದನ್ನೂ ತಿಂದಿದೆ. ಹಳೆಯದನ್ನು ತೆಗೆದು, ತಾಮ್ರ ಹೊಳೆಯುವವರೆಗೆ ಕೆರೆದು, ಹೊಸ ಬೆಸುಗೆ ಹಾಕಿ. ಟ್ರ್ಯಾಕ್ ಕಪ್ಪಾಗಿದ್ದರೆ ಮೀಟರಿನಲ್ಲಿ ಕಂಟಿನ್ಯುಟಿ (ಕರೆಂಟ್ ಹಾದುಹೋಗುತ್ತದೆಯೇ ಎಂದು) ನೋಡಿ, ಕೂದಲೆಳೆಯಷ್ಟು ಉಳಿದಿದ್ದರೂ ಅದರ ಜೊತೆ ಒಂದು ತಂತಿ ಬೆಸೆದು ಜಂಪರ್ ಹಾಕಿಬಿಡಿ. ಹೊಸ ಕ್ಯಾಪಾಸಿಟರ್ 105 ಡಿಗ್ರಿ ಕಾವು ತಡೆಯುವುದೇ ಇರಲಿ, ಹೀಟ್‌ಸಿಂಕಿಗೆ (ಕಾವು ಹೊರಬಿಡುವ ಲೋಹದ ತಗಡು) ತಾಗದ ಹಾಗೆ ನಿಲ್ಲಿಸಿ.

ಮಳೆಯಲ್ಲಿ ನೆಂದ ಬೋರ್ಡನ್ನು ಪೂರ್ತಿ ನೀರಿನಲ್ಲಿ ಅದ್ದಿ ತೊಳೆಯುವ ಮೆಕ್ಯಾನಿಕ್‌ಗಳಿದ್ದಾರೆ. ನಾನೂ ಮಾಡಿದ್ದೆ. ಎರಡು ದಿನ ಬಿಸಿಲಿಗೆ ಇಟ್ಟೆ, ಆನ್ ಮಾಡಿದೆ, ಎಲ್‌ಓಟಿ ಮೇಲಿನ ಫೋಕಸ್ ತಿರುಪಿನ ಒಳಗೆ ಉಳಿದಿದ್ದ ನೀರಿಗೆ ಎಲ್‌ಓಟಿ ಒಳಗೇ ಹೊಡೆದು ಹೋಯಿತು. ಎಲ್‌ಓಟಿ, ಟ್ಯೂನರ್ ಡಬ್ಬಿ, ರಿಲೇ, ಡೀಗಾಸ್ ಕಾಯಿಲಿನ (ಆನ್ ಮಾಡಿದಾಗ ಟ್ಯೂಬಿನ ಕಾಂತತ್ವ ಕಳೆಯುವ ಸುರುಳಿ) ಪೋಸಿಸ್ಟರ್, ಇವಕ್ಕೆ ನೀರು ಸೋಕಿಸಬೇಡಿ.

ರಿಮೋಟಿನಲ್ಲಿ ಸೆಲ್ ಸೋರಿದ್ದಕ್ಕೂ ಒಂದು ಮಾತು: ಮಾಮೂಲಿ ಅಗ್ಗದ ಸೆಲ್ಲಿನ ರಸ ಹುಳಿ ಜಾತಿ, ಅದಕ್ಕೆ ಅಡುಗೆ ಸೋಡಾ ನೀರು. ಆಲ್ಕಲೈನ್ ಸೆಲ್ಲಿನದು ಕ್ಷಾರ, ಅದಕ್ಕೆ ವಿನೆಗರ್. ಎರಡಕ್ಕೂ ನಿಂಬೆಹಣ್ಣು ಉಜ್ಜುವವರೇ ಜಾಸ್ತಿ. ಯಾವುದು ಹಾಕಿದರೂ ಮೇಲೆ ಬ್ಯಾಟರಿ ನೀರು, ಐಪಿಎ ಆಗಲೇಬೇಕು.

### ಕಂದು ಅಂಟು

ದೊಡ್ಡ ಕ್ಯಾಪಾಸಿಟರ್, ಕಾಯಿಲ್ ಅಲ್ಲಾಡದಿರಲೆಂದು ಫ್ಯಾಕ್ಟರಿಯಲ್ಲಿ ಹಾಕಿದ ಅಂಟು ಹೊಸದರಲ್ಲಿ ಹಳದಿ, ಕೆನೆ ಬಣ್ಣ. ವರ್ಷಗಟ್ಟಲೆ ಕಾವಿಗೆ ಬೆಂದು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದರೆ ಅದು ಕರೆಂಟ್ ಹರಿಸಬಲ್ಲದು, ಲೋಹದ ಕಾಲುಗಳನ್ನೂ ತಿನ್ನಬಲ್ಲದು. "ಕಂಪನಿ ಅಂಟು, ಇರಲಿ ಬಿಡು" ಎಂದು ಬಿಟ್ಟ ಸೆಟ್‌ಗಳೇ ವಾಪಸ್ ಬರುತ್ತವೆ.

ಇದು ಐಪಿಎಗೂ ನೀರಿಗೂ ಜಗ್ಗುವುದಿಲ್ಲ. ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ ಬಿದಿರು ಕಡ್ಡಿಯಿಂದ ಚೂರು ಚೂರೇ ಎಬ್ಬಿಸಿ. ಅದರಡಿ ಮುಚ್ಚಿದ್ದ ರೆಸಿಸ್ಟರ್, ಡಯೋಡ್, ಜಂಪರ್ ತಂತಿಗಳ ಕಾಲನ್ನು ಭೂತಗನ್ನಡಿಯಲ್ಲಿ ನೋಡಿ. ಹಸಿರೋ ಕಪ್ಪೋ ಆಗಿದ್ದರೆ ಬದಲಿಸಿ. ಹಳದಿಯಾಗಿಯೇ ಉಳಿದ ಅಂಟನ್ನು ಕೆದಕುವ ಅಗತ್ಯವಿಲ್ಲ.

### ಸುಟ್ಟ ಕರಿ

ಕಂದು ಬಣ್ಣದ ಪೇಪರ್ ಬೋರ್ಡಿನಲ್ಲಿ ಎಲ್‌ಓಟಿ ಕಾಲು, ಎಲ್‌ಓಟಿಯನ್ನು ಓಡಿಸುವ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಸುತ್ತ ಕಿಡಿ ಹೊಡೆದರೆ ಬೋರ್ಡೇ ಇದ್ದಿಲಾಗುತ್ತದೆ. ಇದ್ದಿಲು ಕರೆಂಟ್ ಹರಿಸುತ್ತದೆ, ಹರಿದಷ್ಟೂ ಸುಡುತ್ತದೆ. ಅದನ್ನು ತೊಳೆದು ಬಿಳುಪು ಮಾಡಲಾಗುವುದಿಲ್ಲ. ಕಪ್ಪು ಪೂರ್ತಿ ಹೋಗಿ ಒಳ್ಳೆ ಬೋರ್ಡಿನ ಬಣ್ಣ ಕಾಣುವವರೆಗೆ ಬ್ಲೇಡಿನಲ್ಲಿ ಕೆರೆಯಿರಿ, ಆಳಕ್ಕೆ ಇಳಿದಿದ್ದರೆ ಡ್ರಿಲ್ ಹಾಕಿ ತೂತೇ ಮಾಡಿ. ಕಡಿದ ಟ್ರ್ಯಾಕಿನ ಬದಲು ಒಳ್ಳೆ ಇನ್ಸುಲೇಷನ್ ವೈರ್ ಎಳೆಯಿರಿ. ಕಪ್ಪಿನ ಮೇಲೇ ವಾರ್ನಿಷ್ ಬಳಿದರೆ ಕೆಂಡದ ಮೇಲೆ ಬೂದಿ ಮುಚ್ಚಿದ ಹಾಗೆ, ಒಳಗೆ ಉರಿಯುತ್ತಲೇ ಇರುತ್ತದೆ.

## ಹಂತ 7: ತೊಳೆದು ಉಪಯೋಗವಿಲ್ಲದ ಎರಡು ಜಾಗ

ಮುಂದಿನ ಕೀಗಳು. ಹಲವು ಸೆಟ್‌ಗಳಲ್ಲಿ ಎಲ್ಲ ಕೀಗಳೂ ಬೇರೆ ಬೇರೆ ರೆಸಿಸ್ಟರ್ ಮೂಲಕ ಒಂದೇ ವೈರಿಗೆ ಸೇರಿರುತ್ತವೆ. ಒಂದು ಸ್ವಿಚ್ ಒಳಗೊಳಗೆ ಸೋರಿದರೂ ಮೈಕ್ರೋ ಐಸಿಗೆ ಯಾರೋ ವಾಲ್ಯೂಮ್ ಒತ್ತಿದ ಹಾಗೆ ಕಾಣುತ್ತದೆ. ಕೀ ವೈರ್ ಕಿತ್ತು ನೋಡಿ. ತೊಂದರೆ ನಿಂತರೆ ಒಂದನ್ನಲ್ಲ, ಅಷ್ಟೂ ಸ್ವಿಚ್ ಬದಲಿಸಿ. ಸ್ಪ್ರೇ ಹೊಡೆದರೆ ಸ್ವಲ್ಪ ದಿನ ಸುಮ್ಮನಿರುತ್ತವೆ, ಆಮೇಲೆ ಮತ್ತೆ ಫೋನು.

ಟ್ಯೂಬ್ ಬೇಸ್. ಅದರೊಳಗೆ ಫೋಕಸ್ ಪಿನ್ನಿನ ಗೂಡಿಗೆ ಸಾವಿರಾರು ವೋಲ್ಟ್ ಬರುತ್ತದೆ. ತೇವಕ್ಕೆ ಅಲ್ಲಿ ಹಸಿರು ಕಿಲುಬು ಹಿಡಿದು ಫೋಕಸ್ ಸೋರುತ್ತದೆ, ಕಾವು ಬಂದ ಮೇಲೆ ಒಣಗಿ ಸರಿಹೋಗುತ್ತದೆ. ಹೊಸ ಬೇಸ್ ಹಾಕುವುದೊಂದೇ ದಾರಿ. ಹಳೆಯದನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್‌ಪಿ ರೋಡಿಗೆ ಹೋಗಿ, ಪಿನ್ ಎಣಿಸಿ, ಕತ್ತಿನ ಅಳತೆ ಹೋಲಿಸಿ ತನ್ನಿ. ಬಾಯಲ್ಲಿ ಹೇಳಿ ತಂದದ್ದು ಹೊಂದದೆ ಎರಡನೇ ಸಲ ಬಸ್ ಹತ್ತಿದವರಲ್ಲಿ ನಾನೂ ಒಬ್ಬ.

ಇಎಚ್‌ಟಿ ಕಪ್ ಮಾತ್ರ ಒರೆಸಿದರೆ ಸಾಕು. ಮತ್ತೊಮ್ಮೆ ಕರೆಂಟ್ ಇಳಿಸಿ, ಕಪ್ ಬಿಡಿಸಿ, ಒಳಗನ್ನೂ ಗಾಜನ್ನೂ ಒಣ ಬಟ್ಟೆ, ಆಮೇಲೆ ಐಪಿಎ ಬಟ್ಟೆಯಲ್ಲಿ ಒರೆಸಿ. ಸುತ್ತಲಿನ ಕಪ್ಪು ಲೇಪ ಕೊಳೆಯಲ್ಲ, ಅದನ್ನು ಉಜ್ಜಬೇಡಿ. ವಿನೆಗರ್ ವಾಸನೆಯ ಕಿಟಕಿ ಸಿಲಿಕಾನ್ ಅಂತೂ ಅಲ್ಲಿಗೆ ಹಚ್ಚಲೇಬಾರದು, ಅದರ ಹುಳಿ ಲೋಹ ತಿನ್ನುತ್ತದೆ.

## ಹಂತ 8: ಒಣಗಿಸುವುದು

ಕೈಗೆ ಒಣಗಿದಂತೆ ಕಂಡರೂ ಐಸಿ ಹೊಟ್ಟೆಯ ಕೆಳಗೆ ಒಣಗಿರುವುದಿಲ್ಲ. ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಮಾಡಿ, ಕೋಳಿಮರಿಗೆ ಕಾವು ಕೊಡುವ ಹಾಗೆ 60 ವ್ಯಾಟಿನ ತಂತಿ ಬಲ್ಬ್ ಇಳಿಬಿಟ್ಟು, ರಟ್ಟಿಗೂ ಬೋರ್ಡಿಗೂ ತಾಗದ ಹಾಗೆ ನೋಡಿಕೊಂಡು ನಾಲ್ಕೈದು ಗಂಟೆ ಇಡಿ. ಐಪಿಎ ವಾಸನೆ ಪೂರ್ತಿ ಹೋದ ಮೇಲೇ ಪೆಟ್ಟಿಗೆಗೆ ಹಾಕಬೇಕು, ಆ ಆವಿ ಹೊತ್ತಿಕೊಳ್ಳುತ್ತದೆ. ತೆಗೆದ ಮೇಲೆ ಉಸಿರಿನ ಪರೀಕ್ಷೆ ಇನ್ನೊಮ್ಮೆ. ಅಂಕಿ ಜಾರಿದರೆ ಹಂತ 6ಕ್ಕೆ ವಾಪಸ್.

## ಹಂತ 9: ಮತ್ತೆ ಕರೆಂಟ್ ಕೊಡುವುದು

ಸೀರೀಸ್ ಬಲ್ಬ್ ಮೂಲಕವೇ ಕೊಡಿ. ಬಲ್ಬ್ ಒಮ್ಮೆ ಜೋರಾಗಿ ಹೊತ್ತಿ ಮಂಕಾದರೆ ಒಳ್ಳೆಯದು. ಜೋರಾಗಿಯೇ ಉರಿಯುತ್ತಿದ್ದರೆ ಶಾರ್ಟ್ ಇದೆ, ಆಫ್ ಮಾಡಿ. ಡೀಗಾಸ್ ಕಾಯಿಲಿನ ಪ್ಲಗ್ ಕಿತ್ತಿಟ್ಟಿದ್ದರೆ ಗೊಂದಲ ಕಡಿಮೆ.

ಬಲ್ಬ್ ತೆಗೆದು ನೇರ ಕೊಟ್ಟ ಮೇಲೆ ಕೋಣೆ ಕತ್ತಲು ಮಾಡಿ, ಒಂದು ಮಾರು ದೂರ ನಿಂತು ಹಿಂಭಾಗ ನೋಡಿ. ಇಎಚ್‌ಟಿ ಕಪ್ಪಿನ ಸುತ್ತ, ಎಲ್‌ಓಟಿ ಕೆಳಗೆ ನೇರಳೆ ಮಿಣುಕು ಕಂಡರೆ, ಚುರುಗುಟ್ಟಿದರೆ, ಮೀನಿನ ವಾಸನೆಯೋ ಹೊಗೆಯೋ ಬಂದರೆ ತಕ್ಷಣ ಪ್ಲಗ್ ಕೀಳಿ. "ಇನ್ನೊಂದು ನಿಮಿಷ ನೋಡೋಣ" ಎನ್ನುವ ಆ ಒಂದು ನಿಮಿಷದಲ್ಲೇ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುವುದು.

ಎರಡು ಗಂಟೆ ಓಡಿಸಿ, ರಾತ್ರಿ ಆಫ್ ಮಾಡಿಟ್ಟು ಬೆಳಗ್ಗೆ ತಣ್ಣಗಿರುವಾಗ ಮತ್ತೆ ಆನ್ ಮಾಡಿ. ಇದಾಗದೆ ಗಿರಾಕಿಗೆ ಕೊಡಬೇಡಿ. ಬಿಸಿ ಸೆಟ್ ಸುಳ್ಳು ಹೇಳುತ್ತದೆ.

## ಹಂತ 10: ವಾಪಸ್ ಇಡುವ ಜಾಗ

ಸೆಟ್ ಕೊಡಲು ನೀವೇ ಹೋಗಿ, ಇಡುವ ಜಾಗ ನೋಡಿ. ಹಬೆ ಬರುವ ಗೋಡೆ, ಅಡುಗೆಮನೆ ಕಿಂಡಿ, ದೇವರ ಮೂಲೆ ತಪ್ಪಿಸಿ. ಹಿಂದೆ ಒಂದು ಗೇಣು ಜಾಗ ಬಿಡಿಸಿ. ಮೇಲೆ ಹೊದಿಸಿದ ಕಸೂತಿ ಬಟ್ಟೆ ತೆಗೆಸಿ. ಮಳೆಗಾಲದಲ್ಲಿ ನೋಡಲಿ ಬಿಡಲಿ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿ ಎಂದು ಹೇಳಿ, ಒಳಗಿನ ಕಾವಿಗೆ ತೇವ ಆರುತ್ತದೆ. ಮೇಲೆ ಹೇಳಿದ ರೀಲಿಂಗ್ ಮನೆಯವರಿಗೆ ಜಾಗ ಬದಲಿಸಲು ಆಗಲಿಲ್ಲ, ಇರುವುದೇ ಒಂದು ಕೋಣೆ. ಟಿವಿಯನ್ನು ಹಬೆಯ ಗೋಡೆಯಿಂದ ಎದುರು ಗೋಡೆಗೆ ಸರಿಸಿ, ಗೂಡು ಬೇಯಿಸುವ ಹೊತ್ತಿನಲ್ಲಿ ಆನ್ ಮಾಡಿಯೇ ಇಡುತ್ತಾರೆ. ಈ ಮಳೆಗಾಲ ಅವರ ಫೋನು ಬಂದಿಲ್ಲ.